ಉತ್ತರ ಕರ್ನಾಟಕದಲ್ಲಿ ಗ್ರಾಮಫೋನ್

ಗ್ರಾಮಫೋನ್ ಎಂಬುದು ಚಪ್ಪಟೆ ತಟ್ಟೆಯ ಮೇಲೆ ಕೊರೆದ ಧ್ವನಿಯ ಗೆರೆಗಳನ್ನು ಸೂಜಿಯ ಮೂಲಕ ಓದಿ ಮರಳಿ ನುಡಿಸುವ ಯಂತ್ರ. 20ನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಮನೆಬಳಕೆಯ ಯಂತ್ರಗಳಲ್ಲಿ ಹೊಲಿಗೆಯಂತ್ರ ಮತ್ತು ರೇಡಿಯೋಗಳ ಜೊತೆಗೆ ಇದೂ ಪ್ರಮುಖವಾದುದು. ಅಂದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಗದಗ ಜಿಲ್ಲೆಯಲ್ಲಿರುವ ರೋಣ, ನರಗುಂದ ಮತ್ತು ಗಜೇಂದ್ರಗಡಗಳ ಸೀಮೆಯು ಹಿಂದೂಸ್ತಾನಿ ಸಂಗೀತದ ಇತಿಹಾಸದಲ್ಲಿ ಈ ಯಂತ್ರದೊಂದಿಗೆ ವಿಶೇಷವಾದ ನಂಟನ್ನು ಹೊಂದಿದೆ. ಇಂದು ಕೀಲಿ ಕೊಟ್ಟು ನುಡಿಸುವ ಹಳೆಯ ಗ್ರಾಮಫೋನುಗಳನ್ನು ಸಂಗ್ರಹಿಸುವುದು, ದುರಸ್ತಿ ಮಾಡುವುದು ಮತ್ತು ಅವುಗಳ ತಟ್ಟೆಗಳನ್ನು ಉಳಿಸುವುದು ಹವ್ಯಾಸಿಗಳ ಕೆಲಸವಾಗಿ ಮುಂದುವರಿದಿದೆ.

ಹೆಸರು

ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ರೂಪಿಸಿದ ಫೋನೋಗ್ರಾಫ್ ಯಂತ್ರದಲ್ಲಿ ಧ್ವನಿಯು ಉರುಳೆಯ ಮೇಲೆ ದಾಖಲಾಗುತ್ತಿತ್ತು. ಎಮಿಲಿ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಉರುಳೆಯ ಬದಲು ತಟ್ಟೆ ಬಂದಿತು. ಗ್ರಾಮಫೋನ್ ಎಂಬ ಹೆಸರು ಅವರದೇ. ಒಂದೇ ಅಚ್ಚಿನಿಂದ ನೂರಾರು ತಟ್ಟೆಗಳನ್ನು ಒತ್ತಿ ತೆಗೆಯಬಹುದಾದ್ದರಿಂದ ಉರುಳೆ ಹಿಂದೆ ಬಿದ್ದಿತು. ಕನ್ನಡ ಬರಹಗಳಲ್ಲಿ ತಟ್ಟೆಯನ್ನು ಧ್ವನಿಮುದ್ರಿಕೆ, ಗಾನಮುದ್ರಿಕೆ ಎಂದು ಕರೆಯಲಾಗಿದೆಯಾದರೂ ಜನರ ಮಾತಿನಲ್ಲಿ ಅದು ‘ಪ್ಲೇಟು’ ಅಥವಾ ‘ರೆಕಾರ್ಡು’. ಕಹಳೆಯ ಮುಂದೆ ಕುಳಿತ ನಾಯಿಯ ಚಿತ್ರವಿದ್ದ ಎಚ್‌ಎಂವಿ ಕಂಪನಿಯ ಸರಕು ಓದು ಬಾರದವರಿಗೂ ಚಿತ್ರದಿಂದಲೇ ಗುರುತು ಸಿಗುತ್ತಿತ್ತು. ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರ ಬರೆದ ಆ ಚಿತ್ರದಲ್ಲಿ ಮೊದಲು ಇದ್ದುದು ಉರುಳೆಯ ಫೋನೋಗ್ರಾಫ್. 1899ರಲ್ಲಿ ಚಿತ್ರವನ್ನು ಕೊಂಡ ಗ್ರಾಮಫೋನ್ ಕಂಪನಿ ಅದರ ಮೇಲೆಯೇ ತನ್ನ ಯಂತ್ರವನ್ನು ಬರೆಯಿಸಿತು. ನಾಯಿಯ ಹೆಸರು ನಿಪ್ಪರ್.

ಭಾರತಕ್ಕೆ ಬಂದ ಬಗೆ

ಗ್ರಾಮಫೋನ್ ಕಂಪನಿಯು 1898ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾಯಿತು. ಅದರ ಧ್ವನಿಮುದ್ರಣ ತಜ್ಞ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಮೊದಲಾದ ಕಲಾವಿದರ ಹಾಡುಗಳನ್ನು ದಾಖಲಿಸಿದರು. ಆಗ ತಟ್ಟೆಗಳನ್ನು ಒತ್ತುವ ಕಾರ್ಖಾನೆ ಇದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯಲೆಂದು ಹಾಡುಗಾರರು ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಹಾಡಿಗಿಂತ ಆ ಕೂಗಿನಿಂದಲೇ ಹಳೆಯ ತಟ್ಟೆಗಳನ್ನು ಗುರುತಿಸುವ ಸಂಗ್ರಾಹಕರಿದ್ದಾರೆ. ಗೌಹರ್ ಜಾನ್ ತಮ್ಮ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಗಾಯಕಿಯಾಗಿ ಮೈಸೂರಿನಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

1908ರಲ್ಲಿ ಕಲ್ಕತ್ತದ ಸಿಯಾಲ್ದಾ ಬಳಿ ಕಂಪನಿಯ ತಟ್ಟೆ ಕಾರ್ಖಾನೆ ಆರಂಭವಾಯಿತು. 1920ರ ದಶಕದ ಕೊನೆಗೆ ದಂಡಂನಲ್ಲಿ ಅದಕ್ಕಿಂತ ದೊಡ್ಡ ಕಾರ್ಖಾನೆ ಬಂದಿತು. ತಟ್ಟೆಯ ಮುಖ್ಯ ಕಚ್ಚಾವಸ್ತು ಅರಗು. ಬಿಹಾರ, ಬಂಗಾಳದ ಕಾಡುಗಳಲ್ಲಿ ಕೀಟಗಳು ಮರದ ಕೊಂಬೆಗಳ ಮೇಲೆ ಕಟ್ಟುವ ಈ ಅಂಟಿಗೆ ನುಣ್ಣನೆಯ ಕಲ್ಲುಪುಡಿ, ಕಪ್ಪು ಬಣ್ಣ ಮತ್ತು ಹತ್ತಿಯ ಎಳೆಗಳನ್ನು ಬೆರೆಸಿ ಕಾಯಿಸಿ ಒತ್ತುತ್ತಿದ್ದರು. ಜಗತ್ತಿನ ಬಹುಪಾಲು ಅರಗು ಭಾರತದ್ದೇ ಆಗಿತ್ತು. ಹೀಗಾಗಿ ಗ್ರಾಮಫೋನನ್ನು ಪೂರ್ತಿಯಾಗಿ ಬ್ರಿಟಿಷ್ ವಸ್ತುವೆಂದು ಕರೆಯುವುದು ಅಷ್ಟು ಸರಿಯಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ನುಡಿದ ತಟ್ಟೆಗಳಲ್ಲಿಯೂ ಇಲ್ಲಿನ ಅರಗು ಇತ್ತು.

1931ರಲ್ಲಿ ಗ್ರಾಮಫೋನ್ ಕಂಪನಿ ಮತ್ತು ಕೊಲಂಬಿಯಾ ಕಂಪನಿಗಳು ಕೂಡಿ ಇಎಂಐ ಸಂಸ್ಥೆಯಾಯಿತು. ಭಾರತದಲ್ಲಿ ಎಚ್‌ಎಂವಿ, ಕೊಲಂಬಿಯಾ, ಓಡಿಯನ್ ಹಾಗೂ ಕಡಿಮೆ ಬೆಲೆಯ ಟ್ವಿನ್ ಮೊದಲಾದ ಹೆಸರುಗಳಲ್ಲಿ ತಟ್ಟೆಗಳು ಮಾರಾಟವಾದವು.

ರಚನೆ ಮತ್ತು ಕೆಲಸ

ಕೀಲಿ ಗ್ರಾಮಫೋನಿಗೆ ವಿದ್ಯುತ್ತು ಬೇಡ. ವಿದ್ಯುತ್ತು ತಡವಾಗಿ ತಲುಪಿದ ಹಳ್ಳಿಗಳಲ್ಲಿ ಅದು ದಶಕಗಳ ಕಾಲ ಉಳಿಯಲು ಇದೇ ಮುಖ್ಯ ಕಾರಣ. ಪೆಟ್ಟಿಗೆಯ ಪಕ್ಕದ ಹಿಡಿಕೆಯನ್ನು ತಿರುಗಿಸಿದಾಗ ಒಳಗಿನ ಲೋಹದ ಡಬ್ಬಿಯಲ್ಲಿರುವ ಉಕ್ಕಿನ ಪಟ್ಟಿಯ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲವು ಹಲ್ಲುಗಾಲಿಗಳ ಮೂಲಕ ತಟ್ಟೆಯನ್ನು ತಿರುಗಿಸುತ್ತದೆ. ಬಿಗಿದ ಸ್ಪ್ರಿಂಗು ಮೊದಲಿಗೆ ಹೆಚ್ಚು ಬಲದಿಂದಲೂ ಕೊನೆಗೆ ಕಡಿಮೆ ಬಲದಿಂದಲೂ ಎಳೆಯುತ್ತದೆ. ಇದನ್ನು ಹಾಗೆಯೇ ಬಿಟ್ಟರೆ ಹಾಡು ಮೊದಲು ಕೀರಲಾಗಿ ಆಮೇಲೆ ಗೊಗ್ಗರಾಗುತ್ತದೆ. ಆದ್ದರಿಂದ ಗವರ್ನರ್ ಎಂಬ ಭಾಗವನ್ನು ಅಳವಡಿಸಲಾಗಿದೆ. ತೆಳುವಾದ ಪಟ್ಟಿಗಳ ಮೇಲೆ ಕೂರಿಸಿದ ಮೂರು ಸಣ್ಣ ತೂಕಗಳು ಅಚ್ಚಿನ ಸುತ್ತ ತಿರುಗುತ್ತವೆ. ವೇಗ ಹೆಚ್ಚಿದಾಗ ತೂಕಗಳು ಹೊರಗೆ ಸರಿದು, ಅವಕ್ಕೆ ಜೋಡಿಸಿದ ಬಿಲ್ಲೆಯನ್ನು ಎಳೆದು ಚರ್ಮದ ಅಥವಾ ಉಣ್ಣೆಯ ತುಂಡಿಗೆ ಉಜ್ಜುವಂತೆ ಮಾಡುತ್ತವೆ. ಉಜ್ಜಿದೊಡನೆ ವೇಗ ಇಳಿಯುತ್ತದೆ. ಹೀಗೆ ವೇಗವು ನಿಮಿಷಕ್ಕೆ ಸುಮಾರು 78 ಸುತ್ತುಗಳಲ್ಲಿ ನಿಲ್ಲುತ್ತದೆ.

ಸೂಜಿಯು ಗೆರೆಯ ಅಂಕುಡೊಂಕನ್ನು ಅನುಸರಿಸಿ ಅಲುಗುತ್ತದೆ. ಆ ಅಲುಗಾಟವನ್ನು ಸೌಂಡ್ ಬಾಕ್ಸ್ ಎಂಬ ಗುಂಡನೆಯ ಭಾಗದಲ್ಲಿರುವ ತೆಳುಹಾಳೆ ಗಾಳಿಗೆ ದಾಟಿಸುತ್ತದೆ. ಹಳೆಯ ಸೌಂಡ್ ಬಾಕ್ಸುಗಳಲ್ಲಿ ಈ ಹಾಳೆ ಅಭ್ರಕದ್ದು, ನಂತರದವುಗಳಲ್ಲಿ ಅಲ್ಯೂಮಿನಿಯಂನದು. ಅಲ್ಲಿಂದ ಧ್ವನಿ ಟೊಳ್ಳಾದ ತೋಳಿನ ಮೂಲಕ ಕಹಳೆಗೆ ಹೋಗಿ ದೊಡ್ಡದಾಗುತ್ತದೆ. ಧ್ವನಿಯನ್ನು ಏರಿಸಲು ಇಳಿಸಲು ಗುಂಡಿ ಇಲ್ಲ. ದಪ್ಪ ಸೂಜಿ ಹಾಕಿದರೆ ಗಟ್ಟಿ ಧ್ವನಿ, ಸಪೂರ ಸೂಜಿ ಹಾಕಿದರೆ ಮೆಲುದನಿ, ಅಷ್ಟೇ.

10 ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ 3 ನಿಮಿಷಕ್ಕಿಂತ ತುಸು ಹೆಚ್ಚು, 12 ಅಂಗುಲದ್ದರಲ್ಲಿ 4 ನಿಮಿಷಕ್ಕಿಂತ ತುಸು ಹೆಚ್ಚು ಹಾಡು ಹಿಡಿಸುತ್ತಿತ್ತು. ಗಂಟೆಗಟ್ಟಲೆ ಹಾಡುವ ಗವಾಯಿಗಳು ಒಂದು ರಾಗದ ವಿಲಂಬಿತ, ದ್ರುತ, ತಾನುಗಳನ್ನು ಇಷ್ಟರಲ್ಲೇ ಅಡಗಿಸಬೇಕಾಯಿತು. ಇದರಿಂದ ಸಂಗೀತ ಕುಗ್ಗಿತು ಎನ್ನುವವರಿದ್ದಾರೆ. ಆದರೆ ಆ ಕಾಲದ ಉತ್ತಮ ತಟ್ಟೆಗಳಲ್ಲಿ ರಾಗವು ಮೊದಲ ಸ್ವರಗಳಲ್ಲಿಯೇ ಎದ್ದು ನಿಲ್ಲುವುದನ್ನು ಕೇಳಿದವರಿಗೆ ಈ ಮಾತು ಪೂರ್ತಿ ಒಪ್ಪಿಗೆಯಾಗಲಾರದು.

ಮನೆಗಳಲ್ಲಿ ಹೆಚ್ಚಾಗಿ ಉಳಿದಿರುವುದು ಹೊರಗೆ ಕಾಣುವ ಹಿತ್ತಾಳೆಯ ಕಹಳೆಯ ಯಂತ್ರವಲ್ಲ, ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ ಪೆಟ್ಟಿಗೆ. ಇವುಗಳಲ್ಲಿ ಎಚ್‌ಎಂವಿ 101 ಮತ್ತು 1931ರಲ್ಲಿ ಬಂದ ಎಚ್‌ಎಂವಿ 102 ಹೆಚ್ಚು ಹೆಸರಾದವು. ಕಹಳೆಯು ಪೆಟ್ಟಿಗೆಯೊಳಗೇ ಮಡಿಚಿಕೊಂಡಿರುತ್ತದೆ.

ರೋಣ, ನರಗುಂದ, ಗಜೇಂದ್ರಗಡ ಸೀಮೆ

1880ರ ದಶಕದಲ್ಲಿ ಗದಗ–ಹೊಟಗಿ ರೈಲುಮಾರ್ಗವು ಹೊಳೆಆಲೂರಿನ ಮೂಲಕ ರೋಣ ತಾಲ್ಲೂಕನ್ನು ಹಾದುಹೋಯಿತು. ಹತ್ತಿಯ ವ್ಯಾಪಾರದಿಂದ ಬೆಳೆದ ಗದಗ ಮತ್ತು ಹುಬ್ಬಳ್ಳಿಯ ಪೇಟೆಗಳು ಮುಂಬಯಿಯ ಸರಕು ಈ ಎರೆಭೂಮಿಯ ಊರುಗಳಿಗೆ ಬರುವ ದಾರಿಯಾದವು. ಯಂತ್ರದ ಬೆಲೆ ಸಾಮಾನ್ಯ ರೈತನಿಗೆ, ನೇಕಾರನಿಗೆ ಎಟುಕುವಂತಿರಲಿಲ್ಲ. ವಾಡೆಗಳ ಪಡಸಾಲೆಯಲ್ಲಿ, ಅಡತಿ ವ್ಯಾಪಾರಿಗಳ ಮನೆಯಲ್ಲಿ, ಚಹದಂಗಡಿಯಲ್ಲಿ ಇದ್ದ ಒಂದೇ ಪೆಟ್ಟಿಗೆಯನ್ನು ಹಲವರು ಕೂಡಿ ಕೇಳುವುದು ರೂಢಿಯಾಗಿತ್ತು. ಹಣ ಕೊಟ್ಟು ಕೊಂಡವನಿಗಿಂತ ಬಾಗಿಲಲ್ಲಿ ನಿಂತು ಕೇಳಿದವರೇ ಹೆಚ್ಚು. ಗ್ರಾಮಫೋನಿನ ಸಾಮಾಜಿಕ ಪರಿಣಾಮವನ್ನು ಮಾರಾಟದ ಲೆಕ್ಕದಿಂದ ಅಳೆಯಲಾಗದಿರುವುದು ಇದೇ ಕಾರಣಕ್ಕೆ.

ಹಾಗೆ ನಿಂತು ಕೇಳಿದವರಲ್ಲಿ ಭೀಮಸೇನ ಜೋಶಿ ಒಬ್ಬರು. ಅವರು 1922ರ ಫೆಬ್ರವರಿ 4ರಂದು ಜನಿಸಿದರು. ಜನ್ಮಸ್ಥಳವು ರೋಣವೆಂದು ಹಲವು ಕಡೆ, ಗದಗವೆಂದು ಕೆಲವು ಕಡೆ ದಾಖಲಾಗಿದೆ. ತಂದೆ ಗುರುರಾಜ ಜೋಶಿ ಶಿಕ್ಷಕರು. ಬಾಲಕ ಭೀಮಸೇನ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯೊಂದನ್ನು ತಟ್ಟೆಯಲ್ಲಿ ಕೇಳಿ, ಹಾಗೆ ಹಾಡಬೇಕೆಂಬ ಹಂಬಲ ಹಿಡಿಸಿಕೊಂಡರೆಂಬುದು ಅವರ ಜೀವನಚರಿತ್ರೆಯ ಪ್ರಸಿದ್ಧ ಸಂಗತಿ. 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟರು. ಗ್ವಾಲಿಯರ್ ಮೊದಲಾದ ಕಡೆ ಅಲೆದಾಡಿದ ಮಗನನ್ನು ತಂದೆ ಜಲಂಧರದಲ್ಲಿ ಪತ್ತೆ ಮಾಡಿ ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಶಿಷ್ಯನಾಗಿ ಸ್ವೀಕರಿಸಿದರು. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಘರಾಣೆಯ ವಿದ್ಯೆ ಗುರುವಿನ ಎದುರು ಕುಳಿತೇ ಬರಬೇಕೆಂಬ ಕಾಲದಲ್ಲಿ, ಗುರುವಿನ ಗುರು ಮೊದಲು ಸಿಕ್ಕಿದ್ದು ಮೂರು ನಿಮಿಷದ ತಟ್ಟೆಯಲ್ಲಿ. ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. 1940ರ ದಶಕದ ಮೊದಲ ಭಾಗದಲ್ಲಿ ಜೋಶಿಯವರ ಹಾಡುಗಳೂ ಎಚ್‌ಎಂವಿ ತಟ್ಟೆಗಳಾಗಿ ಹೊರಬಂದವು.

ಸುತ್ತಲ ಸೀಮೆಯ ಇತರ ಕಲಾವಿದರ ಹಾದಿಯಲ್ಲಿಯೂ ಗ್ರಾಮಫೋನ್ ಇದೆ. ಗಂಗೂಬಾಯಿ ಹಾನಗಲ್ ಬಾಲ್ಯದಲ್ಲಿ ಗ್ರಾಮಫೋನಿನ ದನಿ ಕೇಳಿದೊಡನೆ ಬೀದಿಗೆ ಓಡುತ್ತಿದ್ದರು. 1930ರ ದಶಕದಲ್ಲಿ ಅವರದೇ ಹಾಡುಗಳನ್ನು ಎಚ್‌ಎಂವಿ ಮುದ್ರಿಸಿದಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಹೀಗಾಗಿ ಗುಜರಿಯಲ್ಲಿ ಸಿಕ್ಕ ಗಾಂಧಾರಿಯ ತಟ್ಟೆ ಯಾರದೆಂದು ತಿಳಿಯದೆ ಕೈಬಿಡುವ ಸಾಧ್ಯತೆ ಇದ್ದೇ ಇದೆ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದರಲ್ಲದೆ ಕೆಲಕಾಲ ಆ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರಗೀತೆಗಳ ತಟ್ಟೆಗಳ ಮೂಲಕ ದೇಶದಾದ್ಯಂತ ಮನೆಮಾತಾದರು. ಕಂಪನಿ ನಾಟಕಗಳ ರಂಗಗೀತೆಗಳೂ ತಟ್ಟೆಗಳಾಗಿ ಬಂದವು.

ಮುಂದೆ ತಟ್ಟೆಯ ಧ್ವನಿಯನ್ನು ಬ್ಯಾಟರಿಯ ಆಂಪ್ಲಿಫೈಯರಿಗೆ ಜೋಡಿಸಿ ಲೌಡ್‌ಸ್ಪೀಕರಿನಲ್ಲಿ ಹಾಕುವ ಪದ್ಧತಿ ಮದುವೆ, ಜಾತ್ರೆಗಳಿಗೆ ಬಂದಿತು. ತಟ್ಟೆಗಳು ಬೇಗ ಸವೆದದ್ದೂ ಇದೇ ಕಾಲದಲ್ಲಿ.

ಇಳಿಮುಖ

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಹಾಡು ಕೇಳಲು ತಟ್ಟೆ ಕೊಳ್ಳಲೇಬೇಕೆಂದಿರಲಿಲ್ಲ. ಮರ್ಫಿ, ಬುಷ್ ಮೊದಲಾದ ಬ್ರಿಟಿಷ್ ಹೆಸರಿನ ವಾಲ್ವ್ ರೇಡಿಯೋಗಳು ಪಡಸಾಲೆಯ ಗೂಡನ್ನು ಹಿಡಿದವು. ಮರ್ಫಿ ಕಂಪನಿಯು 1929ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಆರಂಭವಾದದ್ದು. ಭಾರತದಲ್ಲಿ ಅದರ ಹೆಸರು ಮಗುವಿನ ಚಿತ್ರದ ಜಾಹೀರಾತಿನಿಂದ ಉಳಿದಿದೆ. ಆಮೇಲೆ ಟ್ರಾನ್ಸಿಸ್ಟರ್, ಉದ್ದ ಅವಧಿಯ ವಿನೈಲ್ ತಟ್ಟೆ, ಕ್ಯಾಸೆಟ್ ಬಂದವು. ಯುರೋಪು, ಅಮೆರಿಕಗಳಲ್ಲಿ 1950ರ ದಶಕದ ಕೊನೆಗೆ 78 ಸುತ್ತಿನ ತಟ್ಟೆಗಳು ಬಹುಮಟ್ಟಿಗೆ ನಿಂತವು. ಭಾರತದಲ್ಲಿ ಕೀಲಿ ಯಂತ್ರಗಳಿನ್ನೂ ಬಳಕೆಯಲ್ಲಿದ್ದ ಕಾರಣ ಅವು 1960ರ ದಶಕದುದ್ದಕ್ಕೂ ಬಂದವು. ಹೀಗೆ ಬ್ರಿಟನ್ನಿನ ಸಂಗ್ರಾಹಕನಿಗೆ ಅಚ್ಚರಿಯೆನಿಸುವ ವಸ್ತುವೊಂದು ಇಲ್ಲಿನ ಅಟ್ಟಗಳಲ್ಲಿ ಸಿಗುತ್ತದೆ: 1960ರ ದಶಕದ ಸಿನಿಮಾ ಹಾಡಿನ ಅರಗಿನ ತಟ್ಟೆ.

ಇದೇ ಕಾಲದ ಹೊಲಿಗೆಯಂತ್ರದ ಪಾಡು ಬೇರೆಯಾಯಿತು. ಸಿಂಗರ್ ಅಮೆರಿಕದ ಕಂಪನಿಯಾದರೂ ಅದರ ದೊಡ್ಡ ಕಾರ್ಖಾನೆಯೊಂದು ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ 1885ರಿಂದ 1980ರವರೆಗೆ ನಡೆಯಿತು. ದುಡಿಮೆಯ ಸಾಧನವಾದ್ದರಿಂದ ಆ ಯಂತ್ರಗಳು ಬಳಕೆಯಲ್ಲಿಯೇ ಉಳಿದವು. ಗ್ರಾಮಫೋನ್ ಅಟ್ಟ ಸೇರಿತು.

ದುರಸ್ತಿ

ಅಟ್ಟದಿಂದ ಇಳಿಸಿದ ಯಂತ್ರದಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು ಮೂರು. ಮೊದಲನೆಯದು ಸ್ಪ್ರಿಂಗಿನ ಡಬ್ಬಿಯಲ್ಲಿದ್ದ ಗ್ರೀಸು ಅಂಟಾಗಿ ಗಟ್ಟಿಯಾಗಿರುವುದು. ಇದರಿಂದ ಸ್ಪ್ರಿಂಗು ಸರಾಗವಾಗಿ ಜಾರದೆ ಒಳಗೆ ದಢ್ ದಢ್ ಎಂದು ಬಡಿಯುತ್ತದೆ. ಡಬ್ಬಿಯನ್ನು ಬಿಚ್ಚಿ, ಸ್ಪ್ರಿಂಗನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಗ್ರಾಫೈಟ್ ಬೆರೆತ ಹೊಸ ಗ್ರೀಸು ತುಂಬಬೇಕು. ಈ ಕೆಲಸ ಅಪಾಯಕರವಾದುದು. ಹಲವು ಮೀಟರ್ ಉದ್ದದ ಉಕ್ಕಿನ ಪಟ್ಟಿ ಡಬ್ಬಿಯಿಂದ ಒಮ್ಮೆಲೇ ಚಿಮ್ಮಿದರೆ ಕೈ, ಮುಖಗಳಿಗೆ ಆಳವಾದ ಗಾಯವಾಗಬಲ್ಲದು. ಬಿಚ್ಚುವ ಮೊದಲು ಯಂತ್ರವನ್ನು ಪೂರ್ತಿಯಾಗಿ ಓಡಿಸಿ ಕೀಲಿ ಇಳಿಸುವುದು, ದಪ್ಪ ಚರ್ಮದ ಕೈಚೀಲ ಮತ್ತು ಕನ್ನಡಕ ಧರಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಎರಡನೆಯದು ಸೌಂಡ್ ಬಾಕ್ಸಿನ ರಬ್ಬರ್ ಉಂಗುರಗಳು ಕಲ್ಲಿನಂತಾಗಿರುವುದು. ತೆಳುಹಾಳೆಯನ್ನು ಎರಡೂ ಕಡೆಯಿಂದ ಮೆತ್ತಗೆ ಹಿಡಿಯಬೇಕಾದ ಉಂಗುರಗಳು ಗಟ್ಟಿಯಾದರೆ ಧ್ವನಿ ಕರ್ಕಶವಾಗುವುದಲ್ಲದೆ ಸೂಜಿಯು ತಟ್ಟೆಯನ್ನು ಕೊರೆಯುತ್ತದೆ. ಹೊಸ ಉಂಗುರಕ್ಕೆ ಸೈಕಲ್ ವಾಲ್ ಟ್ಯೂಬಿನಂಥ ಮೆತ್ತನೆಯ ಸಣ್ಣ ರಬ್ಬರ್ ಕೊಳವೆಯನ್ನು ಅಳತೆಗೆ ಕತ್ತರಿಸಿ ಬಳಸುವುದುಂಟು. ಮೂರನೆಯದಕ್ಕೆ ಮದ್ದಿಲ್ಲ: ಸತುವು ಮುಖ್ಯವಾಗಿರುವ ಎರಕದ ಭಾಗಗಳು, ಅದರಲ್ಲೂ ಸೌಂಡ್ ಬಾಕ್ಸಿನ ಹಿಂಬದಿ, ಕಾಲಾಂತರದಲ್ಲಿ ಉಬ್ಬಿ ಬಿರಿಯುತ್ತವೆ. ಲೋಹದ ಮಿಶ್ರಣದಲ್ಲಿದ್ದ ಕಲ್ಮಶವೇ ಇದಕ್ಕೆ ಕಾರಣ. ಬಿರಿದದ್ದನ್ನು ಬೆಸೆಯಲಾಗದು; ಇನ್ನೊಂದು ಯಂತ್ರದಿಂದ ತೆಗೆದು ಹಾಕಬೇಕು ಅಥವಾ ಹಿತ್ತಾಳೆಯಲ್ಲಿ ಹೊಸದಾಗಿ ಕಡೆಯಿಸಬೇಕು.

ವೇಗವನ್ನು ಸರಿಪಡಿಸಲು ತಟ್ಟೆಯ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಅರ್ಧ ನಿಮಿಷದಲ್ಲಿ 39 ಸುತ್ತು ಎಣಿಸಿದರೆ ಸಾಕು. ಇನ್ನೂ ನಿಖರವಾಗಿ ಬೇಕೆಂದರೆ ಸಮನಾದ 77 ಕಪ್ಪು ಗೆರೆಗಳಿರುವ ಗುಂಡು ಕಾಗದವನ್ನು ಬಳಸಬಹುದು. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ ಹಳೆಯ ಮಾದರಿಯ ದೀಪವು ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಸರಿಯಿದ್ದಾಗ ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ವೇಗದ ತಪ್ಪು ಸಣ್ಣ ಸಂಗತಿಯಲ್ಲ. ಅದು ಹಾಡುಗಾರರ ಶ್ರುತಿಯನ್ನೇ ಬದಲಿಸುತ್ತದೆ. ತಪ್ಪು ವೇಗದಲ್ಲಿ ನಕಲು ಮಾಡಿದ ತಟ್ಟೆ ಕೇಳಿ ಗಾಯಕರ ಕಂಠದ ಬಗ್ಗೆ ತೀರ್ಮಾನಕ್ಕೆ ಬರುವುದು ಮೋಸಹೋದಂತೆ.

ಮರದ ಪೆಟ್ಟಿಗೆಗೆ ಹೊಸ ವಾರ್ನಿಶ್ ಬಳಿದು, ಲೋಹಕ್ಕೆಲ್ಲ ಮೆರುಗು ಕೊಟ್ಟು ಹೊಸದರಂತೆ ಮಾಡುವ ಪದ್ಧತಿಯನ್ನು ಅನುಭವಿ ಸಂಗ್ರಾಹಕರು ಒಪ್ಪುವುದಿಲ್ಲ. ಕೈತಾಗಿ ಸವೆದ ಹಿಡಿಕೆ, ಮಾರಿದ ಅಂಗಡಿಯ ಸಣ್ಣ ಚೀಟಿ ಮುಂತಾದವು ಯಂತ್ರ ಎಲ್ಲಿಂದ ಬಂದಿತೆಂಬುದಕ್ಕೆ ಉಳಿದ ಏಕೈಕ ಸಾಕ್ಷಿಯಾಗಿರಬಹುದು.

ನಕಲಿ ಯಂತ್ರಗಳು

ಮುಂಬಯಿಯ ಚೋರ್ ಬಜಾರ್ ಹಾಗೂ ದೆಹಲಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಥಳಥಳಿಸುವ ಹಿತ್ತಾಳೆ ಕಹಳೆಯ ‘ಪುರಾತನ’ ಗ್ರಾಮಫೋನುಗಳು ಮಾರಾಟಕ್ಕಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಹೊಸದಾಗಿ ಮಾಡಿದ ಪೆಟ್ಟಿಗೆ ಮತ್ತು ಕಹಳೆಗೆ ಯಾವುದೋ ಹಳೆಯ ಸೂಟ್‌ಕೇಸ್ ಯಂತ್ರದ ಮೋಟಾರು ಕಿತ್ತು ಜೋಡಿಸಿದವು. ಇಂಥ ಒಂದೊಂದು ಆಲಂಕಾರಿಕ ವಸ್ತುವಿಗಾಗಿ ಒಂದೊಂದು ನಿಜವಾದ ಯಂತ್ರ ಹಾಳಾಗುತ್ತದೆ. ನಾಯಿಯ ಚಿತ್ರದ ಹೊಸ ಬಿಲ್ಲೆ, ಸೂಜಿಯು ತಟ್ಟೆಯ ನಡುವಿಗೆ ಸರಿಯಾಗಿ ಹೊಂದದ ತೋಳು, ಒರಟಾದ ಎರಕದ ಕಹಳೆಗೊಂಡಿ ಇವು ನಕಲಿಯ ಲಕ್ಷಣಗಳು. ಇವುಗಳ ಮೇಲೆ ಬೆಲೆಬಾಳುವ ತಟ್ಟೆಯನ್ನು ನುಡಿಸಬಾರದು.

ತಟ್ಟೆಗಳ ರಕ್ಷಣೆ

ಯಂತ್ರ ಕೆಟ್ಟರೆ ಇನ್ನೊಂದು ಸಿಗಬಹುದು. ತಟ್ಟೆ ಒಡೆದರೆ ಆ ಹಾಡೇ ಕೊನೆಯಾಗಬಹುದು. ಅರಗಿನ ತಟ್ಟೆ ಗಾಜಿನಂತೆ ಒಡೆಯುತ್ತದೆ, ಬಿಸಿಲಿಗೆ ಬಾಗುತ್ತದೆ. ಗದಗ ಜಿಲ್ಲೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳು ಉಳಿಯುವುದು ಕಷ್ಟ. ಅವನ್ನು ಕಾಗದದ ಚೀಲದಲ್ಲಿ ಹಾಕಿ ನೆಟ್ಟಗೆ ನಿಲ್ಲಿಸಿಡಬೇಕು. ತೊಳೆಯಲು ಸೌಮ್ಯ ಸಾಬೂನು ಬೆರೆತ ತಣ್ಣೀರು, ಮೃದುವಾದ ಬ್ರಷ್ ಸಾಕು. ನಡುವಿನ ಚೀಟಿ ನೆನೆಯಬಾರದು. ಸ್ಪಿರಿಟ್ ಮುಟ್ಟಿಸಿದರೆ ಅರಗು ಕರಗಿ ಗೆರೆಗಳು ಅಳಿಸಿಹೋಗುತ್ತವೆ.

ಉಕ್ಕಿನ ಸೂಜಿಯನ್ನು ಒಂದು ಮಗ್ಗುಲು ನುಡಿಸಿದ ಮೇಲೆ ಬದಲಿಸಬೇಕು. ತಟ್ಟೆಯಲ್ಲಿರುವ ಕಲ್ಲುಪುಡಿಯು ಸೂಜಿಯ ತುದಿಯನ್ನು ಗೆರೆಯ ಆಕಾರಕ್ಕೆ ಸಾಣೆ ಹಿಡಿಯುತ್ತದೆ. ಸವೆದು ಚೂಪಾದ ಅದೇ ಸೂಜಿಯನ್ನು ಮತ್ತೆ ಬಳಸಿದರೆ ಅದು ಉಳಿಯಂತೆ ಕೊರೆಯುತ್ತದೆ. ಸೂಜಿಯ ಡಬ್ಬಿಗೆ ದುಡ್ಡು ಹಾಕಲಾಗದೆ ಒಂದೇ ಸೂಜಿಯಲ್ಲಿ ಹತ್ತಾರು ಹಾಡು ಕೇಳಿದ್ದರ ಫಲವಾಗಿ, ಬಹಳ ಮೆಚ್ಚುಗೆ ಪಡೆದ ಹಾಡುಗಳ ತಟ್ಟೆಗಳೇ ಇಂದು ಅತಿ ಕೆಟ್ಟ ಸ್ಥಿತಿಯಲ್ಲಿ ಸಿಗುತ್ತವೆ. ವಿನೈಲ್ ತಟ್ಟೆಯನ್ನು ಕೀಲಿ ಯಂತ್ರದ ಮೇಲೆ ಹಾಕಿದರೆ ಒಂದೇ ಸಲಕ್ಕೆ ಹಾಳಾಗುತ್ತದೆ.

ಲಂಡನ್ನಿನಲ್ಲಿ 1919ರಲ್ಲಿಯೇ ಗ್ರಾಮಫೋನ್ ಆಸಕ್ತರ ಸಂಘವೊಂದು ಹುಟ್ಟಿತ್ತು. ಭಾರತದಲ್ಲಿ 1990ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಸಂಸ್ಥೆಯು ತನ್ನ ‘ದಿ ರೆಕಾರ್ಡ್ ನ್ಯೂಸ್’ ಪತ್ರಿಕೆಯ ಮೂಲಕ ಹಳೆಯ ತಟ್ಟೆಗಳ ಪಟ್ಟಿ, ಕಲಾವಿದರ ವಿವರಗಳನ್ನು ಪ್ರಕಟಿಸುತ್ತ ಬಂದಿದೆ. ಲೇಖಕ ವಿಕ್ರಮ್ ಸಂಪತ್ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ತಟ್ಟೆಗಳ ಡಿಜಿಟಲ್ ಪ್ರತಿಗಳನ್ನು ಸಾರ್ವಜನಿಕರಿಗೆ ಒದಗಿಸಿದೆ. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಆದ್ದರಿಂದ ಕೀಲಿ ಗ್ರಾಮಫೋನ್ ಕಾಲದ ಬಹುಪಾಲು ಮುದ್ರಣಗಳು ಈಗ ಮುಕ್ತವಾಗಿವೆ. ಆದರೆ ಹಾಡಿನ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷದ ಲೆಕ್ಕದಲ್ಲಿ ಬೇರೆಯಾಗಿ ಉಳಿದಿರಬಹುದು.

ಮನೆಯಲ್ಲಿ ಸಿಕ್ಕ ತಟ್ಟೆಯನ್ನು ನುಡಿಸುವ ಮೊದಲು ಅದರ ಚೀಟಿಯ ಮೇಲಿನ ಹೆಸರು, ಕ್ರಮಸಂಖ್ಯೆ ಹಾಗೂ ಚೀಟಿಯ ಸುತ್ತ ಗೆರೆಯಿಲ್ಲದ ಜಾಗದಲ್ಲಿ ಕೊರೆದಿರುವ ಮುದ್ರಣಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಸಂಗ್ರಾಹಕರ ಪದ್ಧತಿ. ಚೀಟಿ ಹರಿದುಹೋದ ತಟ್ಟೆಯ ಹಾಡುಗಾರರನ್ನು ಆ ಮುದ್ರಣಸಂಖ್ಯೆಯೊಂದರಿಂದಲೇ ಪತ್ತೆಹಚ್ಚಬಹುದು.